ಮುಂದಿನ ಚಕ್ರದ ಬ್ರೇಕ್

ಶೆಫೀಲ್ಡ್
11 ಆಗಸ್ಟ್ 2013

ಅಪ್ಪನಿಗೆ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನೀನು ಇದನ್ನು ಅಡುಗೆಮನೆಯ ಗಡಿಯಾರದ ಹಿಂದೆ ಸಿಕ್ಕಿಸಿ ಹೊರಗೆ ಹೋಗಿರುತ್ತೀಯ. ಪರವಾಗಿಲ್ಲ, ಸಂಜೆಯೊಳಗೆ ಒಡೆದು ಓದುತ್ತೀಯ. ನಾನು ಫೋನ್ ಮಾಡಿದರೆ ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುವವನು ನೀನು. ಆದರೆ ಬಾಗಿಲ ಕಂಡಿಯಿಂದ ಒಳಗೆ ಬಿದ್ದದ್ದು ಕಾರ್ಪೆಟ್ ಅಂಗಡಿಯ ಜಾಹೀರಾತಾದರೂ ಕೊನೆಯ ಸಾಲಿನವರೆಗೆ ಓದದೆ ಬಿಡುವವನಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ವರ್ಷದ ರಾಷ್ಟ್ರೀಯ ಸೈಕಲ್ ಏರು ಸ್ಪರ್ಧೆ ಲೀ ಬ್ಯಾಂಕ್ ರಸ್ತೆಯಲ್ಲಿ ಅಂತ ಪ್ರಕಟವಾಗಿದೆ. ನಮ್ಮ ಮನೆಯ ಹಿಂದಿನ ಲೀ ಬ್ಯಾಂಕ್! ಸ್ಕೂಲಿನಿಂದ ಬರುವಾಗ ದಿನಾ ಬ್ಯಾಗು ಹೊತ್ತು ತುಳಿದ ರಸ್ತೆ. ದೇಶದಲ್ಲಿ ಇಷ್ಟೊಂದು ಗುಡ್ಡಗಳಿರುವಾಗ ಅವರಿಗೆ ಅದೇ ಬೇಕಾಗಿತ್ತು ನೋಡು.

ನನಗೆ ಮೂವತ್ತೇಳು. ಈ ಸ್ಪರ್ಧೆಯಲ್ಲಿ ಎರಡು ಸಲ ಎರಡನೆಯವಳಾಗಿದ್ದೇನೆ. ಈ ಮೈಯನ್ನು ಇನ್ನೊಂದು ವರ್ಷ ಹೀಗೆ ಹಸಿವಿನಲ್ಲಿ ಇಡುವುದು ನನ್ನಿಂದಾಗದು. ಗೆದ್ದರೆ ಈ ಸಲ, ಇಲ್ಲದಿದ್ದರೆ ಇಲ್ಲ. ಸೈಕಲ್ಲಿನಿಂದ ಕಳೆಯಬಹುದಾದ ತೂಕವನ್ನೆಲ್ಲ ಕಳೆದಾಯಿತು. ಸೀಟು ಅಂದರೆ ಬರೀ ಚಿಪ್ಪು, ಹ್ಯಾಂಡಲ್ಲಿನ ಪಟ್ಟಿಯನ್ನೂ ಸುಲಿದಿದ್ದೇನೆ. ಇನ್ನು ಉಳಿದಿರುವುದು ಬ್ರೇಕ್.

ಈಗಿರುವುದು ಜಪಾನಿನ ಅಲ್ಯೂಮಿನಿಯಂ ಬ್ರೇಕ್. ಒಂದೊಂದೂ ನೂರೈವತ್ತೈದು ಗ್ರಾಂ. ಜರ್ಮನಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಕೈಯಲ್ಲೇ ಮಾಡುವ ಕಾರ್ಬನ್ ಬ್ರೇಕ್ ಒಂದಿದೆ, ಒಂದೊಂದು ಬರೀ ಐವತ್ತೈದು. ಅಂಗೈಯಲ್ಲಿಟ್ಟುಕೊಂಡರೆ ಇಟ್ಟಿದ್ದೇ ಗೊತ್ತಾಗುವುದಿಲ್ಲ. ಬೆಲೆ ಹೇಳಿದರೆ ಅಮ್ಮ ಎದೆ ಹಿಡಿದುಕೊಳ್ಳುತ್ತಾಳೆ. ಆದರೆ ಅದು ಗಟ್ಟಿಯಾಗಿ ಹಿಡಿಯುತ್ತದೆ ಅಂತ ಅರ್ಧ ಜನ, ಒತ್ತಿದರೆ ಬಾಗುತ್ತದೆ ಅಂತ ಇನ್ನರ್ಧ ಜನ. ಯಾರನ್ನು ನಂಬುವುದು? ನಲವತ್ತು ವರ್ಷದಿಂದ ಬ್ರೇಕ್ ಬಿಚ್ಚಿ ಜೋಡಿಸುತ್ತಾ ಬಂದವನು ನನಗೆ ಗೊತ್ತಿರುವ ಹಾಗೆ ಒಬ್ಬನೇ. ಅವನು ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು.

ಯಾವುದು ಹಾಕಲಿ? ಅಷ್ಟು ಹೇಳು. ಬೇರೆ ಏನೂ ಬರೆಯಬೇಕಾಗಿಲ್ಲ.

ಹೆಸ್ಟರ್


ಟಾಡ್‌ಮರ್ಡನ್
19 ಆಗಸ್ಟ್ 2013

ಹೆಸ್ಟರ್‌ಗೆ,

ಕಾಗದ ತಲುಪಿತು.

ಅಕ್ಟೋಬರಿನ ಸ್ಪರ್ಧೆಯಲ್ಲಿ ಸೈಕಲ್ ತಪಾಸಣೆಯ ಹೊಣೆ ನನ್ನದು. ಆರಂಭದ ಗೆರೆಯ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರ ಬ್ರೇಕ್ ಒತ್ತಿ ನೋಡುವವನು ನಾನು. ಅಂಥವನು ಒಬ್ಬ ಸ್ಪರ್ಧಿಗೆ ಮಾತ್ರ ಇಂಥದ್ದು ಹಾಕಿಕೊ ಅಂತ ಹೇಳಕೂಡದು. ಹೇಳಿದರೆ ಹೆಸರು ಕೊಟ್ಟ ಎಲ್ಲರಿಗೂ ಹೇಳಬೇಕು. ಅಷ್ಟು ಅಂಚೆಚೀಟಿ ನನ್ನ ಹತ್ತಿರ ಇಲ್ಲ.

ನಿಯಮ ನಿನಗೆ ಗೊತ್ತಿದೆ. ಎರಡು ಬ್ರೇಕ್ ಇರಬೇಕು, ಎರಡೂ ಹಿಡಿಯಬೇಕು.

ಬಟಾಣಿಗೆ ಪಾರಿವಾಳಗಳು ಮುತ್ತಿವೆ. ಬಲೆ ಕಟ್ಟಿದರೂ ಅಷ್ಟೇ. ಹಿಂದಿನ ಗೇಟಿಗೆ ಹೊಸ ಬಣ್ಣ ಹೊಡೆದಿದ್ದೇನೆ.

ಕ್ಲಿಫರ್ಡ್ ಆರ್ಮರಾಡ್

(ಅದೇ ಕವರಿನಲ್ಲಿ ಮಡಿಚಿಟ್ಟ ಚೀಟಿ)

ಪುಟ್ಟಾ, ಅಂಚೆಗೆ ಹಾಕೋಕೆ ಅಂತ ನನ್ನ ಕೈಗೆ ಕೊಟ್ಟರು, ಅದಕ್ಕೆ ಇದನ್ನ ಒಳಗೆ ತೂರಿಸ್ತಾ ಇದೀನಿ. ಈ ನಾಲ್ಕು ಸಾಲು ಬರೆಯೋಕೆ ನಿಮ್ಮಪ್ಪ ವಾರ ತಗೊಂಡರು. ಬರೆದದ್ದೆಲ್ಲಾ ಹರಿದು ಒಲೆಗೆ ಹಾಕಿದರು. ಸ್ವಂತ ಮಗಳಿಗೆ ಪೂರ್ತಿ ಹೆಸರು ಬರೆದು ಸಹಿ ಹಾಕ್ತಾರಲ್ಲ, ಇವರನ್ನ ಏನು ಮಾಡೋದು ಹೇಳು. ಊಟ ಮಾಡ್ತಾ ಇದೀಯ ತಾನೆ? – ಅಮ್ಮ


ಶೆಫೀಲ್ಡ್
28 ಆಗಸ್ಟ್ 2013

ಶ್ರೀಮಾನ್ ಕ್ಲಿಫರ್ಡ್ ಆರ್ಮರಾಡ್ ಅವರಿಗೆ,

ನಿಮ್ಮ ಪಾರಿವಾಳಗಳ ಬಗ್ಗೆ ತಿಳಿದು ಬಹಳ ದುಃಖವಾಯಿತು.

ಅಪ್ಪ, ನನಗೆ ಸಿಟ್ಟು ಬಂದಿದೆ. ನಾಲ್ಕು ವರ್ಷದ ಹಿಂದೆ ಕ್ಲಬ್ಬಿನ ಸ್ಪರ್ಧೆಯ ದಿನ ಇದೇ ಲೀ ಬ್ಯಾಂಕ್ ಬುಡದಲ್ಲಿ ನೀನು ನನ್ನ ಹ್ಯಾಂಡಲ್ ಹಿಡಿದು ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ರಿಮ್ಮಿಗೆ ಚೂರೂ ತಾಗದಿರಲಿ ಅಂತ ನಾನು ಬ್ರೇಕಿನ ವೈರು ಸಡಿಲ ಬಿಟ್ಟಿದ್ದೆ, ರಬ್ಬರನ್ನು ಅರ್ಧ ಕೊಯ್ದಿದ್ದೆ. ನಿಜ. ಆದರೆ ಯಾರು ಮಾಡಿರಲಿಲ್ಲ ಅಪ್ಪ? ಏರು ಹತ್ತುವವರೆಲ್ಲ ಮಾಡುತ್ತಾರೆ. ತೂಕ ಕಡಿಮೆಯಾಗಲಿ ಅಂತ ಬೆಳಿಗ್ಗೆ ಕೂದಲು ಕತ್ತರಿಸಿಕೊಂಡು ಬರುವ ಜನ ನಾವು. ನೀನು ಲಿವರ್ ಒತ್ತಿ ಸೈಕಲ್ ಮುಂದಕ್ಕೆ ತಳ್ಳಿದೆ. ಚಕ್ರ ಉರುಳಿತು. ಕ್ಲಬ್ಬಿನ ನಿನ್ನ ಜೊತೆಗಾರ ಲೆನ್ ಮಾಮ ನಗುತ್ತಾ, "ಬಿಡೋ ಕ್ಲಿಫ್, ಮೇಲಕ್ಕೆ ಹೋಗೋಕೆ ಬ್ರೇಕ್ ಯಾಕೋ?" ಅಂದ. ನೀನು ನಗಲಿಲ್ಲ. "ಮೇಲೆ ಹೋದವಳು ಕೆಳಗೆ ಬರಬೇಕಲ್ಲ," ಅಂದೆ. ಆಮೇಲೆ ನನ್ನ ಬೆನ್ನಿನಿಂದ ನಂಬರ್ ಬಿಚ್ಚಿ ಸ್ಪರ್ಧೆಯಿಂದ ಹೊರಗೆ ಹಾಕಿದೆ. ಪಿನ್ನುಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೇ ಕೊಟ್ಟೆ. ಅಷ್ಟು ಜನರ ಮುಂದೆ.

ಪಿನ್ನುಗಳನ್ನಾದರೂ ಇನ್ನೊಬ್ಬರ ಕೈಯಲ್ಲಿ ತೆಗೆಸಬಾರದಿತ್ತಾ?

ಇರಲಿ. ಜರ್ಮನಿಯದನ್ನೇ ಕೊಂಡೆ. ನಿನ್ನೆ ಬಂತು. ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದೆ. ನನ್ನ ಚಹಾ ಚಮಚಗಳು ಇದಕ್ಕಿಂತ ಭಾರ. ಅಕ್ಟೋಬರಿನಲ್ಲಿ ನಿನ್ನ ಮುಂದೆ ತಂದು ನಿಲ್ಲಿಸುತ್ತೇನೆ, ಒತ್ತಿ ನೋಡು.

ಹೆಸ್ಟರ್


ಟಾಡ್‌ಮರ್ಡನ್
8 ಸೆಪ್ಟೆಂಬರ್ 2013

ಪುಟ್ಟಾ,

ಈ ಸಲ ಇಡೀ ಕಾಗದ ನನ್ನದೇ. ನಿಮ್ಮಪ್ಪ ಬೌಲ್ಸ್ ಆಡಲು ಹೋಗಿದ್ದಾರೆ, ಅಂದರೆ ಹೋದ ಹಾಗೆ ಮಾಡಿ ಲೀ ಬ್ಯಾಂಕ್ ಹತ್ತುತ್ತಿದ್ದಾರೆ. ದಿನಾ ಇದೇ ಆಯಿತು. ಕೇಳಿದರೆ, "ರಸ್ತೇಲಿ ಗುಂಡಿ ಎಲ್ಲೆಲ್ಲಿ ಇದೆ ನೋಡ್ಬೇಕು," ಅನ್ನುತ್ತಾರೆ. ಮೊನ್ನೆ ಅಂಗಡಿಯಲ್ಲಿ ತಳ್ಳುಗಾಡಿಯ ಹಿಡಿಯನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಮೀನಿನ ಕೌಂಟರಿನ ಹುಡುಗಿ ಬಾಯಿ ಬಿಟ್ಟು ನೋಡುತ್ತಿದ್ದಳು.

ನಿನ್ನ ಕಾಗದ ಓದಿದ ಮೇಲೆ ಅವರು ಒಂದೇ ಮಾತು ಅಂದರು. "ಪಿನ್ನು ಇನ್ನೊಬ್ಬರು ತೆಗೆದಿದ್ರೆ ಚುಚ್ಚಿರೋರು." ನಿನಗೆ ಇದರಿಂದ ಸಮಾಧಾನವಾಗುತ್ತದೆಯೋ ಇನ್ನಷ್ಟು ಸಿಟ್ಟು ಬರುತ್ತದೆಯೋ ನನಗೆ ಗೊತ್ತಿಲ್ಲ.

ಒಂದು ವಿಷಯ ನನಗೆ ಈಚೆಗೆ ಹೊಳೆಯಿತು. ನೀನು ಹದಿನೈದರಿಂದ ಸ್ಪರ್ಧೆಗೆ ಹೋಗುತ್ತಿದ್ದೀಯ, ಅಷ್ಟು ವರ್ಷವೂ ಅವರು ಕೆಳಗೆ ಆರಂಭದಲ್ಲೇ ನಿಂತವರು. ನೀನು ತುದಿ ಮುಟ್ಟುವುದನ್ನು ಅವರು ಒಂದು ಸಲವೂ ನೋಡಿಲ್ಲ. ನಾನು ನೋಡಿದ್ದೇನೆ. ನೀಲಿಗಟ್ಟಿದ ಮುಖ, ಬಾಯಿಂದ ಜೊಲ್ಲು, ಗೆರೆ ದಾಟುತ್ತಲೇ ಹಿಡಿಯುವವರ ಕೈಗೆ ಬೀಳುವುದು. ಹೆತ್ತವಳು ನೋಡುವಂಥ ದೃಶ್ಯವಲ್ಲ ಅದು. ಮನೆಗೆ ಬಂದು ಅವರಿಗೆ ಹೇಳುತ್ತಿದ್ದೆ. ಅವರು ಚಹಾ ಕುಡಿಯುತ್ತಾ ಕೇಳುತ್ತಿದ್ದರು.

ಇನ್ನೊಬ್ಬಳು ಹುಡುಗಿ ಬಹಳ ಜೋರಾಗಿದ್ದಾಳಂತೆ, ಡೈಕ್ಸ್ ಅಂತ. ಇಪ್ಪತ್ತೆರಡಂತೆ. ಅವಳಿಗೆ ಹೆದರಬೇಡ.

ಅಮ್ಮ


ಶೆಫೀಲ್ಡ್
16 ಸೆಪ್ಟೆಂಬರ್ 2013

ಅಪ್ಪನಿಗೆ,

ಚಿಕ್ಕ ಕಾಗದ. ನೀನು ಏನೂ ಹೇಳುವಂತಿಲ್ಲ ಅಂತ ಗೊತ್ತು, ಕೇಳಿಸಿಕೊಳ್ಳುವುದಕ್ಕೆ ನಿಯಮದ ಅಡ್ಡಿ ಇಲ್ಲವಲ್ಲ.

ಶನಿವಾರ ಹೊಸ ಬ್ರೇಕ್ ಹಾಕಿಕೊಂಡು ಹೋಗಿದ್ದೆ. ಹತ್ತುವಾಗ ಸೈಕಲ್ ಕೆಳಗಿದೆ ಅನ್ನುವುದೇ ಮರೆತುಹೋಯಿತು. ಇಳಿಯುವಾಗ ಮಳೆ ಶುರುವಾಯಿತು. ಒದ್ದೆಯಲ್ಲಿ ಅದು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಮೊದಲು ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಹಿಡಿಯುತ್ತದೆ. ಕೆಳಗಿನ ಕೂಡುರಸ್ತೆಯಲ್ಲಿ ಒಂದು ಹಾಲಿನ ಲಾರಿ ಇತ್ತು. ಏನೂ ಆಗಲಿಲ್ಲ. ಲಾರಿಯವನು ಒಳ್ಳೆಯವನು, ಇಳಿದು ಬಂದು ಚಾಕೊಲೇಟ್ ಕೊಟ್ಟ, ಸೈಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದ.

ಅಕ್ಷರ ಸೊಟ್ಟಗಿದ್ದರೆ ಏನೂ ಅಂದುಕೊಳ್ಳಬೇಡ, ಕಿರುಬೆರಳು ಸ್ವಲ್ಪ ಊದಿದೆ. ಆಸ್ಪತ್ರೆಯಲ್ಲಿ ಇಡೀ ದಿನ ಮೂಳೆ ಮುರಿದವರನ್ನು ನಡೆಸುವ ಕೆಲಸ ನನ್ನದು, ಅವರೆಲ್ಲ ನನ್ನ ಬೆರಳು ನೋಡಿ ನಕ್ಕರು.

ಸ್ಪರ್ಧೆಯ ದಿನ ಮಳೆ ಇರುವುದಿಲ್ಲ. ಇರಬಾರದು.

ಹೆಸ್ಟರ್


ಟಾಡ್‌ಮರ್ಡನ್
24 ಸೆಪ್ಟೆಂಬರ್ 2013

ಹೆಸ್ಟರ್,

ಕಿರುಬೆರಳು ತಾನಾಗಿ ಊದುವುದಿಲ್ಲ. ನಿಂತಿದ್ದ ಸೈಕಲ್ಲನ್ನು ಯಾರೂ ಎತ್ತಿ ಗೋಡೆಗೆ ಒರಗಿಸುವುದೂ ಇಲ್ಲ.

ನಿನ್ನೆ ಕ್ಲಬ್ಬಿನ ಸಭೆಯಲ್ಲಿ ತಪಾಸಣೆಯ ಕೆಲಸ ಬಿಟ್ಟೆ. ಲೆನ್ ಮಾಡುತ್ತಾನೆ. "ಕ್ಲಿಫ್, ಮೂವತ್ತು ವರ್ಷ ಮಾಡಿದೀಯ, ಮನೆ ಬಾಗಿಲಿಗೆ ರಾಷ್ಟ್ರೀಯ ಸ್ಪರ್ಧೆ ಬಂದಿರೋವಾಗ ಬಿಡ್ತೀಯಾ? ಮೈ ಸರಿ ಇದೆ ತಾನೆ?" ಅಂತ ಅವನು ಕೇಳಿದ. ಮೈ ಸರಿ ಇದೆ, ಮನೆಯಲ್ಲಿ ಬೇರೆ ಕೆಲಸ ಇದೆ ಅಂದೆ. ನನ್ನ ಕೋಟು, ತೋಳಪಟ್ಟಿ ಎಲ್ಲ ಅವನಿಗೆ ಕೊಟ್ಟು ಬಂದೆ. ಕೋಟು ಅವನಿಗೆ ಬಿಗಿ.

ಈಗ ನಾನು ಯಾರಿಗೆ ಏನು ಬೇಕಾದರೂ ಹೇಳಬಹುದು. ಹೇಳುತ್ತೇನೆ, ಕೇಳು.

ಸೈಕಲ್ಲನ್ನು ನಿಲ್ಲಿಸುವುದು ಮುಂದಿನ ಬ್ರೇಕ್. ಹಿಂದಿನದು ಜೊತೆಗಿರುತ್ತದೆ ಅಷ್ಟೆ. ಬ್ರೇಕ್ ಒತ್ತಿದಾಗ ಮೈಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಅಲ್ಲಿ ಎಷ್ಟು ಒತ್ತಿದರೂ ಜಾರುವುದೇ ಹೊರತು ನಿಲ್ಲುವುದಿಲ್ಲ. ಆದ್ದರಿಂದ ಹಿಂದೆ ನಿನ್ನ ಜರ್ಮನಿಯದನ್ನು ಹಾಕು. ಅದು ಕೆಟ್ಟ ಮಾಲಲ್ಲ, ಕೆಲಸ ನೀಟಾಗಿದೆ. ಲೆನ್ ತನ್ನ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದ. ಮುಂದಿನ ಚಕ್ರಕ್ಕೆ ಹಳೆಯ ಜಪಾನಿನದೇ ಇರಲಿ. ರಬ್ಬರ್ ಪೂರ್ತಿ ಇರಲಿ, ಕೊಯ್ಯಬೇಡ. ವೈರು ಬಿಗಿಯಾಗಿರಲಿ. ಲಿವರ್ ಅರ್ಧಕ್ಕೆ ಬರುವಷ್ಟರಲ್ಲಿ ಚಕ್ರ ಕಚ್ಚಿಕೊಳ್ಳಬೇಕು.

ಇದರಿಂದ ನಿನಗೆ ನೂರು ಗ್ರಾಂ ಹೆಚ್ಚಾಗುತ್ತದೆ. ನನಗೆ ಗೊತ್ತಿದೆ.

ನಾಲ್ಕು ವರ್ಷದ ಹಿಂದಿನದು ಬರೆದಿದ್ದೆಯಲ್ಲ. ಅದೇ ಬ್ರೇಕ್ ತಂದರೆ ನಾಳೆಯೂ ನಂಬರ್ ಬಿಚ್ಚುತ್ತೇನೆ. ಆ ವಿಷಯದಲ್ಲಿ ನನ್ನಿಂದ ಬೇರೆ ಮಾತು ನಿರೀಕ್ಷಿಸಬೇಡ.

ಬೆರಳಿಗೆ ಐಸ್ ಇಡು.

ಅಪ್ಪ


ಶೆಫೀಲ್ಡ್
3 ಅಕ್ಟೋಬರ್ 2013

ಅಪ್ಪ,

ನೀನು ಕೆಲಸ ಬಿಟ್ಟೆ ಅಂತ ಓದಿ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಲೆನ್ ಮಾಮನಿಗೆ ಆ ಕೋಟು! ನೀನಿಲ್ಲದ ಆರಂಭದ ಗೆರೆಯನ್ನು ಊಹಿಸಿಕೊಳ್ಳಲೂ ಆಗುತ್ತಿಲ್ಲ. ಯಾರು ಬಿಡು ಅಂದರು ನಿನಗೆ? ನಾನು ಕೇಳಿದ್ದು ಒಂದು ಮಾತು, ನೀನು ಮೂವತ್ತು ವರ್ಷವನ್ನೇ ಬಿಚ್ಚಿ ಕೊಟ್ಟು ಬಂದೆಯಲ್ಲ.

ಸರಿ, ಹೇಳಿದೆ. ಈಗ ನನ್ನ ಸಂಕಟ ಕೇಳು. ನೂರು ಗ್ರಾಂ ಅಂದರೆ ಬೇರೆಯವರಿಗೆ ಒಂದು ಸೋಪಿನ ತೂಕ. ನನಗೆ ಅದು ಮೂರು ವಾರ ರಾತ್ರಿ ಊಟ ಬಿಟ್ಟದ್ದು. ಡೈಕ್ಸ್ ಹುಡುಗಿಯನ್ನು ಕಳೆದ ಭಾನುವಾರ ಡರ್ಬಿಶೈರ್‌ನಲ್ಲಿ ನೋಡಿದೆ. ಹತ್ತಿ ಮುಗಿಸಿ ಗೆರೆಯ ಹತ್ತಿರ ನಿಂತು ಬಿಸ್ಕತ್ತು ತಿನ್ನುತ್ತಿದ್ದಳು. ನಾನು ಹುಲ್ಲಿನ ಮೇಲೆ ಬಿದ್ದುಕೊಂಡಿದ್ದೆ. "ಬೇಕಾ?" ಅಂತ ನನಗೂ ಒಂದು ಚಾಚಿದಳು. ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು.

ದಿನಾ ಸಂಜೆ ಬ್ರೇಕ್ ಬದಲಿಸುತ್ತಿದ್ದೇನೆ. ಸೋಮವಾರ ನೀನು ಹೇಳಿದ ಹಾಗೆ. ಮಂಗಳವಾರ ಎರಡೂ ಜರ್ಮನಿಯದು. ನಿನ್ನೆ ಮತ್ತೆ ನಿನ್ನದು. ಕೆಳಗಿನ ಮನೆಯವರು ಬಂದು ಕೇಳಿದರು, "ಏನಮ್ಮ ದಿನಾ ಟಣ್ ಟಣ್?" ಮುಂದಿನ ಚಕ್ರದ ಸ್ಕ್ರೂವಿನ ತಲೆ ಸವೆದೇ ಹೋಗುತ್ತದೆ ಹೀಗಾದರೆ.

ಲೆನ್ ಮಾಮ ಕಣ್ಣು ಮುಚ್ಚಿಕೊಂಡು ಬಿಡುತ್ತಾನೆ, ಅದು ನಿನಗೂ ಗೊತ್ತು, ನನಗೂ ಗೊತ್ತು. ನೀನು ತಪಾಸಣೆಗೆ ನಿಂತಿದ್ದರೆ ನಿನ್ನನ್ನು ಬೈದುಕೊಂಡಾದರೂ ಒಂದು ತೀರ್ಮಾನಕ್ಕೆ ಬರುತ್ತಿದ್ದೆ. ಈಗ ತೀರ್ಮಾನ ಪೂರ್ತಿ ನನ್ನ ತಲೆಯ ಮೇಲೆ. ಇದಕ್ಕಿಂತ ನಂಬರ್ ಬಿಚ್ಚಿಸಿಕೊಳ್ಳುವುದೇ ಸುಲಭವಾಗಿತ್ತು.

ಅವತ್ತು ನೀನು ಎಲ್ಲಿರುತ್ತೀಯ? ಮನೆಯಲ್ಲೇ ಕೂರುತ್ತೀಯಾ?

ಹೆಸ್ಟರ್


ಟಾಡ್‌ಮರ್ಡನ್
28 ಅಕ್ಟೋಬರ್ 2013

ಹೆಸ್ಟರ್,

ನಿನ್ನೆ ನೀನು ಯಾರಿಗೂ ಹೇಳದೆ ಕಾರು ಹತ್ತಿ ಹೋದೆ. ನಿಮ್ಮಮ್ಮ ಸ್ಯಾಂಡ್‌ವಿಚ್ ಹಿಡಿದುಕೊಂಡು ಇಡೀ ಮೈದಾನ ಸುತ್ತಿದಳು.

ಮೇಲೆ ಕೊನೆಯ ಗೆರೆಯ ಆಚೆ ಹಿಡಿಯುವವರ ಸಾಲಿನಲ್ಲಿ ನಿಲ್ಲುತ್ತೇನೆ ಅಂತ ನಾನು ನಿನಗೆ ಮೊದಲೇ ಬರೆಯಬಹುದಿತ್ತು. ಎರಡು ಸಲ ಬರೆದೆ. ನಿನ್ನ ಗಮನ ಕೆಡುತ್ತದೆ ಅಂತ ಕಳಿಸಲಿಲ್ಲ. ಅಮ್ಮ ಗುಟ್ಟಾಗಿ ತಿಳಿಸಿಯೇ ಇರುತ್ತಾಳೆ ಅಂತ ಈಗ ಅನ್ನಿಸುತ್ತಿದೆ.

ಕೊನೆಯ ತಿರುವಿನಲ್ಲಿ ನೀನು ಕಾಣಿಸಿಕೊಂಡಾಗ ನಾನು ಗುರುತು ಹಿಡಿಯಲಿಲ್ಲ. ಯಾರೋ ಪಾಪ ಸಾಯುತ್ತಿದ್ದಾಳೆ ಅಂದುಕೊಂಡೆ. ಅಷ್ಟು ಜನ ರಸ್ತೆಯ ಎರಡೂ ಕಡೆ ಪಾತ್ರೆ ಬಡಿಯುತ್ತಾ ಕಿರುಚುತ್ತಿದ್ದರು. ಪಕ್ಕದವನು, "ತಾತ, ಕಾಲು ಅಗಲಿಸಿ ನಿಂತ್ಕೊ, ಬೀಳ್ತೀಯ," ಅಂದ. ನೀನು ಗೆರೆ ದಾಟಿ ನೇರ ನನ್ನ ಎದೆಯ ಮೇಲೆ ಬಿದ್ದೆ. ಎಷ್ಟು ಹಗುರವಾಗಿಬಿಟ್ಟಿದ್ದೀಯ ಮಗಳೇ. ನೀನು ಕಣ್ಣು ಬಿಟ್ಟು ನನ್ನನ್ನು ನೋಡಿದೆ, ಏನೂ ಅನ್ನಲಿಲ್ಲ. ಅನ್ನಲು ಉಸಿರೆಲ್ಲಿತ್ತು? ನಾನೂ ಏನೂ ಅನ್ನಲಿಲ್ಲ. ನನಗೆ ಉಸಿರಿತ್ತು.

ಆಮೇಲೆ ಮುಂದಿನ ಚಕ್ರ ನೋಡಿದೆ. ನಾನು ಹೇಳಿದ್ದೇ ಇತ್ತು.

ಅಷ್ಟರಲ್ಲಿ ನಿನಗಿಂತ ಒಂದು ನಿಮಿಷ ತಡವಾಗಿ ಹೊರಟ ಡೈಕ್ಸ್ ಬಂದಳು. ಧ್ವನಿವರ್ಧಕದಲ್ಲಿ ಹೇಳಿದ್ದನ್ನು ನೀನೂ ಕೇಳಿದೆ, ನಾನೂ ಕೇಳಿದೆ. ಒಂದು ಸೆಕೆಂಡನ್ನು ಹತ್ತು ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು ಅವಳ ಸಮಯ ನಿನ್ನದಕ್ಕಿಂತ ಕಡಿಮೆ.

ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಆ ಏರಿನಲ್ಲಿ, ನಿನ್ನ ತೂಕಕ್ಕೆ, ನೂರು ಗ್ರಾಂ ಅಂದರೆ ಸುಮಾರು ನಾಲ್ಕು ಪಾಲು. ಬೇರೆ ಬೇರೆ ರೀತಿಯಲ್ಲಿ ಹಾಕಿ ನೋಡಿದೆ. ಹೇಗೆ ಹಾಕಿದರೂ ಮೂರಕ್ಕಿಂತ ಕೆಳಗೆ ಬರುತ್ತಿಲ್ಲ.

ನೀನು ಇಳಿದು ಹೋಗುವುದನ್ನು ಗೋಡೆ ಹತ್ತಿ ನಿಂತು ನೋಡಿದೆ. ರಸ್ತೆ ಒಣಗಿತ್ತು. ಒಂದು ಕುರಿಯೂ ಅಡ್ಡ ಬರಲಿಲ್ಲ. ತಿರುವಿನಲ್ಲಿ ಮೃದುವಾಗಿ ಒತ್ತಿದೆ ಅಷ್ಟೆ, ಅಷ್ಟಕ್ಕೆ ಯಾವ ಬ್ರೇಕಾದರೂ ಸಾಕಾಗುತ್ತಿತ್ತು. ನಿನ್ನ ಜರ್ಮನಿಯದೂ ಸಾಕಾಗುತ್ತಿತ್ತು.

ಇದನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿನಗೆ ಅನ್ನಿಸಿದ್ದನ್ನು ಬರೆ. ಮುಚ್ಚಿಡಬೇಡ.

ಅಪ್ಪ


ಶೆಫೀಲ್ಡ್
31 ಅಕ್ಟೋಬರ್ 2013

ಅಪ್ಪ,

ನಿನ್ನ ಲೆಕ್ಕ ಸರಿಯಾಗಿದೆ. ನಾನೂ ಹಾಕಿದೆ, ಕಾರಿನಲ್ಲೇ, ಅಳುತ್ತಾ. ಹಾಗೇನಿಲ್ಲ, ಅವಳು ಹೇಗೂ ಗೆಲ್ಲುತ್ತಿದ್ದಳು ಅಂತ ನಿನ್ನ ಸಮಾಧಾನಕ್ಕೆ ಬರೆಯಲಾರೆ. ಬರೆದರೆ ನೀನು ನಂಬುವುದಿಲ್ಲ. ನಿನ್ನ ಮಾತು ಕೇಳಿದ್ದಕ್ಕೆ ಸೋತೆ. ಇನ್ನು ಮುಂದೆ ಗೆಲ್ಲುವುದೂ ಇಲ್ಲ, ನನ್ನ ಕಾಲ ಮುಗಿಯಿತು. ನನಗೆ ಸಿಟ್ಟಿದೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಒಬ್ಬ ಮುದುಕಪ್ಪನಿಗೆ ಸುಮ್ಮಸುಮ್ಮನೆ ಗದರಿ, ಆಮೇಲೆ ಕ್ಷಮೆ ಕೇಳಿದೆ.

ಅವತ್ತು ಬೆಳಿಗ್ಗೆ ಏನಾಯಿತು ಅಂತ ಹೇಳುತ್ತೇನೆ. ಕಾರಿನ ಡಿಕ್ಕಿ ತೆಗೆದು ಎರಡು ಬ್ರೇಕುಗಳನ್ನೂ ಎರಡು ಕೈಯಲ್ಲಿ ಹಿಡಿದು ನಿಂತಿದ್ದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಲೆನ್ ಮಾಮ ಆ ಬಿಗಿ ಕೋಟಿನಲ್ಲಿ ಆಚೆಯಿಂದಲೇ ಕೈ ಬೀಸಿ, "ಬಾ ಬಾ ಪುಟ್ಟಿ, ನಿಂದೇನು ನೋಡೋದು!" ಅಂದ. ಅವನು ಲಿವರ್ ಮುಟ್ಟುವುದೂ ಇಲ್ಲ ಅಂತ ಖಾತ್ರಿಯಾಯಿತು. ಜರ್ಮನಿಯದನ್ನೇ ಮುಂದಿನ ಚಕ್ರಕ್ಕೆ ಹಿಡಿದು ಸ್ಕ್ರೂ ಎರಡು ಸುತ್ತು ತಿರುಗಿಸಿದೆ.

ನೀನು ಮೇಲೆ ಇರುತ್ತೀಯ ಅಂತ ಅಮ್ಮ ನಿಜವಾಗಿಯೂ ಹೇಳಿರಲಿಲ್ಲ, ಅವಳನ್ನು ಬೈಯಬೇಡ. ನಾನೇ ನೋಡಿದೆ. ಕಾರು ನಿಲ್ಲಿಸಿದ್ದ ಆಟದ ಮೈದಾನದಿಂದ ಏರಿನ ತುದಿ ಕಾಣುತ್ತದಲ್ಲ. ಸ್ಪರ್ಧೆ ಶುರುವಾಗಲು ಇನ್ನೂ ಎಷ್ಟೋ ಹೊತ್ತಿತ್ತು, ಒಬ್ಬನೇ ಒಬ್ಬ ಅಲ್ಲಿ ಹೋಗಿ ನಿಂತಿದ್ದ. ಸೊಂಟದ ಮೇಲೆ ಕೈಯಿಟ್ಟು, ರಸ್ತೆಯನ್ನೇ ನೋಡುತ್ತಾ. ಅಷ್ಟು ದೂರದಿಂದಲೂ ಆ ನಿಲುವು ಬೇರೆ ಯಾರದೂ ಅಲ್ಲ.

ಆಗ ನನಗೆ ಹೊಳೆದದ್ದು ಇಷ್ಟೇ. ನಾನು ಇವನ ಕಣ್ಣೆದುರಿಗೇ ಕೆಳಗೆ ಇಳಿಯಬೇಕು. ನಾನು ಕೊನೆಯ ತಿರುವು ದಾಟಿ ಮರೆಯಾಗುವವರೆಗೆ ಇವನು ಉಸಿರು ಬಿಡುವುದಿಲ್ಲ. ಅದಕ್ಕೇ ಜರ್ಮನಿಯದನ್ನು ಬಿಚ್ಚಿದೆ. ಲಾರಿಗೆ ಹೆದರಿ ಅಲ್ಲ, ನಿಯಮಕ್ಕೂ ಅಲ್ಲ. ಹಾಗೆ ಮಾಡಿದ್ದಕ್ಕೆ ಈಗ ನನ್ನನ್ನೂ ಬೈದುಕೊಳ್ಳುತ್ತಿದ್ದೇನೆ, ನಿನ್ನನ್ನೂ ಬೈಯುತ್ತಿದ್ದೇನೆ.

ಆದರೆ ಇದೆಲ್ಲ ಕಾಗದದಲ್ಲಿ ಆಗುವ ಬೈಗುಳವಲ್ಲ ಅಪ್ಪ. ಬರೆದು ಕಳಿಸಿದರೆ ನಿನ್ನ ಉತ್ತರಕ್ಕೆ ವಾರ ಕಾಯಬೇಕು, ಅಷ್ಟರಲ್ಲಿ ಸಿಟ್ಟು ಆರಿಹೋದರೆ ನನಗೆ ನಷ್ಟ. ಭಾನುವಾರ ಊಟಕ್ಕೆ ಬರುತ್ತಿದ್ದೇನೆ. ಅಮ್ಮನಿಗೆ ಹೇಳು, ಆಲೂಗಡ್ಡೆ ಜಾಸ್ತಿ ಹುರಿಯಲಿ, ಗ್ರೇವಿಯೂ ಜಾಸ್ತಿ ಇರಲಿ, ಎರಡು ಸಲ ಬಡಿಸಿಕೊಳ್ಳುತ್ತೇನೆ. ನೀನು ನನ್ನ ಎದುರು ಕುರ್ಚಿಯಲ್ಲಿ ಕೂರಬೇಕು. ನಾನು ಜೋರಾಗಿ ಜಗಳ ಆಡುತ್ತೇನೆ. ನೀನೂ ಆಡು.

ಹೆಸ್ಟರ್